ಗಾಡಿ ಏಳುವಾಗ ಕಟಕಟ: ಸದ್ದು ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಹಚ್ಚುವುದು



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಜಂತಿನ ಔಷಧಿ ಇಂಥ ವಿಷಯಗಳೇ ಬರುತ್ತವೆ. ಈ ಸಲ ಮೋಟರ್‌ಸೈಕಲ್ ಬಗ್ಗೆ ಬರೆಯುತ್ತಿದ್ದೇನೆ. ಕೊಡ್ಲಿ, ರಟಕಲ್, ಕಾಳಗಿ ಕಡೆಯ ಊರುಗಳಿಗೆ ಹೋದಾಗ ಆಕಳು, ಎಮ್ಮೆಗಳ ಮಾತು ಮುಗಿದ ಮೇಲೆ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಡಾಕ್ಟ್ರೆ, ನೀವೂ ದಿನಾ ಗಾಡಿ ಮ್ಯಾಲೇ ತಿರಗ್ತೀರಿ. ನಮ್ಮ ಗಾಡಿ ಎತ್ತುವಾಗ ಕಟಕಟ ಆವಾಜ್ ಬರ್ಲತ್ತದ್ರಿ, ಯಾಕ?”

ಪ್ರಶ್ನೆ ಗಾಡಿಯದಾದರೂ ಅದರ ಹಿಂದೆ ಇರುವುದು ಹಾಲು. ಕರೆದ ಹಾಲಿಗೆ ತನ್ನದೇ ಆದ ರೋಗಾಣು ತಡೆಯುವ ಶಕ್ತಿ ಇರುತ್ತದೆ. ನಮ್ಮ ಬಿಸಿಲಿನಲ್ಲಿ ಅದು ಎರಡು-ಮೂರು ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ಅಷ್ಟರೊಳಗೆ ಹಾಲು ಸಂಘಕ್ಕೆ ಹೋಗಿ, ಅಲ್ಲಿಂದ ಬಿಎಂಸಿಯಲ್ಲಿ 4 ಡಿಗ್ರಿಗೆ ತಣ್ಣಗಾಗಬೇಕು. ಗಾಡಿ ದಾರಿಯಲ್ಲಿ ನಿಂತರೆ ಹಾಲು ಹುಳಿಯಾಗುತ್ತದೆ, ಕಾಯಿಸಿ ನೋಡುವ ಪರೀಕ್ಷೆಯಲ್ಲಿ ಒಡೆಯುತ್ತದೆ, ಕ್ಯಾನು ವಾಪಸ್ ಬರುತ್ತದೆ. ಆ ದಿನದ ಹಾಲು ಬಟವಾಡೆಯಲ್ಲಿ ಬರುವುದಿಲ್ಲ. ಇನ್ನೊಂದು ಕಡೆ, ಸದ್ದು ಬಂತೆಂದು ಹೆದರಿ ಹೋದವರ ಬಳಿ “ಬೋರ್ ಹೋಗಿದೆ, ಎಂಜಿನ್ ಬಿಚ್ಚಬೇಕು” ಎಂದು ಹೇಳಿ ತಿಂಗಳ ಹಾಲಿನ ಹಣವನ್ನೇ ಖರ್ಚು ಮಾಡಿಸಿದ ಉದಾಹರಣೆಗಳೂ ಇವೆ. ಬಿಚ್ಚಿದ ಮೇಲೆ ನೋಡಿದರೆ ಸಡಿಲವಾಗಿದ್ದದ್ದು ಸೈಲೆನ್ಸರ್ ಮೇಲಿನ ತಗಡು! ಗಾಡಿ ಓಡಿಸುವುದು ನೀವೇ ಇರಬಹುದು, ಮಗನೋ ಯಜಮಾನರೋ ಇರಬಹುದು. ದುಡ್ಡು ಮಾತ್ರ ನಿಮ್ಮ ಆಕಳಿನದು. ಹಾಗಾಗಿ ಸದ್ದಿನ ಮೂಲ ನಿಮಗೂ ಗೊತ್ತಿರಲಿ.

ನಾನು ಮೆಕ್ಯಾನಿಕ್ ಅಲ್ಲ. ಆದರೆ ಬಾಯಿ ಬಿಟ್ಟು ಹೇಳಲಾರದ ಜೀವದ ರೋಗ ಕಂಡುಹಿಡಿಯುವುದೇ ನಮ್ಮ ಕೆಲಸ. ದನದ ಹತ್ತಿರ ಹೋದ ಕೂಡಲೇ ನಾವು ಸೂಜಿ ಚುಚ್ಚುವುದಿಲ್ಲ. ಯಾವಾಗಿನಿಂದ, ಮೇವು ತಿಂದ ಮೇಲೋ ಮೊದಲೋ, ನಿಂತಾಗಲೋ ನಡೆದಾಗಲೋ ಎಂದು ಕೇಳುತ್ತೇವೆ. ಗಾಡಿಗೂ ಅದೇ ಕ್ರಮ. ಸದ್ದು ಯಾವಾಗ ಬರುತ್ತದೆ ಎನ್ನುವುದಕ್ಕಿಂತ ಏನು ಮಾಡಿದರೆ ನಿಲ್ಲುತ್ತದೆ ಎನ್ನುವುದರಲ್ಲಿ ಅರ್ಧ ಉತ್ತರ ಇರುತ್ತದೆ.

ಏಳುವಾಗಲೇ ಯಾಕೆ?

ಗಾಡಿ ಓಡುತ್ತಿರುವಾಗ ಅದನ್ನು ಓಡಿಸಿಕೊಂಡು ಹೋಗಲು ಹೆಚ್ಚು ಬಲ ಬೇಡ. ನಿಂತ ಭಾರವನ್ನು ಕದಲಿಸಲು ಬಲ ಬೇಕು. ಬಂಡಿಗೆ ಹೂಡಿದ ಎತ್ತು ಮೊದಲ ಹೆಜ್ಜೆಗೆ ಕತ್ತು ಬಗ್ಗಿಸಿ ಎಳೆಯುವುದನ್ನು ನೋಡಿದ್ದೀರಿ. ನೊಗದಲ್ಲಿ, ಕೀಲಿನಲ್ಲಿ ಎಲ್ಲಿ ಸಡಿಲ ಇದೆಯೋ ಅಲ್ಲಿ ಆಗಲೇ ಕಿರ್ ಎನ್ನುತ್ತದೆ. ಗಾಡಿಯಲ್ಲೂ ಕ್ಲಚ್ ಬಿಟ್ಟ ಆ ಒಂದೆರಡು ಕ್ಷಣದಲ್ಲಿ ಎಂಜಿನ್, ಕ್ಲಚ್, ಚೈನು, ಹಿಂದಿನ ಗಾಲಿ ಎಲ್ಲದರ ಮೇಲೂ ಒಮ್ಮೆಲೇ ಎಳೆತ ಬೀಳುತ್ತದೆ.

ಭಾರದ ಲೆಕ್ಕ ನೋಡಿ. ಒಂದು ಲೀಟರ್ ಹಾಲು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು, 1.03 ಕಿಲೋ ತೂಗುತ್ತದೆ. 40 ಲೀಟರಿನ ಎರಡು ಕ್ಯಾನು ತುಂಬಿದರೆ ಹಾಲೇ 82 ಕಿಲೋ. ಅದರ ಮೇಲೆ ಕ್ಯಾನುಗಳ ತೂಕ, ಕಬ್ಬಿಣದ ಕ್ಯಾರಿಯರ್ ತೂಕ, ಓಡಿಸುವವರ ತೂಕ. ಎಲ್ಲ ಸೇರಿ 150 ಕಿಲೋ ದಾಟುತ್ತದೆ. 100 ಸಿಸಿ ಗಾಡಿಗಳಿಗೆ ಕಂಪನಿಯವರು ಹೇಳುವ ಮಿತಿ ಸವಾರರನ್ನೂ ಸೇರಿಸಿ ಸುಮಾರು 130 ಕಿಲೋ. ಖಾಲಿ ಗಾಡಿಯಲ್ಲಿ ಸದ್ದೇ ಇಲ್ಲ, ಕ್ಯಾನು ಕಟ್ಟಿದಾಗ ಮಾತ್ರ ಬರುತ್ತದೆ ಎಂದರೆ ಅದು ದೊಡ್ಡ ಸುಳಿವು. ಮೆಕ್ಯಾನಿಕ್ ಖಾಲಿ ಗಾಡಿ ಓಡಿಸಿ ನೋಡಿ “ಏನೂ ಇಲ್ಲ” ಎಂದರೆ ಅವರ ತಪ್ಪೂ ಅಲ್ಲ. ಭಾರ ಹಾಕಿ ತೋರಿಸಬೇಕು.

ಮೊದಲು ಎಂಜಿನ್‌ಗೆ ಕೈ ಹಾಕಬೇಡಿ

ನಮ್ಮ ಭಾಗದ ರಸ್ತೆಗಳ ಬಗ್ಗೆ ನಾನು ಹೇಳಬೇಕಿಲ್ಲ. ಸೇಡಂ, ವಾಡಿ, ಶಹಾಬಾದ ಕಡೆ ಸಿಮೆಂಟ್ ಮತ್ತು ಕಲ್ಲಿನ ಲಾರಿಗಳು ಓಡಾಡುವ ದಾರಿ, ಮಳೆಗಾಲದಲ್ಲಿ ಎರೆಭೂಮಿಯ ಕೆಸರು, ಬೇಸಿಗೆಯಲ್ಲಿ ಗುಂಡಿ. ಇಂಥ ದಾರಿಯಲ್ಲಿ ನಟ್ಟು ಬೋಲ್ಟು ಸಡಿಲವಾಗುವುದು ಸಹಜ. ಆದ್ದರಿಂದ ಎಂಜಿನ್ ಬಂದ್ ಮಾಡಿ, ತಣ್ಣಗಾದ ಮೇಲೆ, ಕೈಯಿಂದ ಒಂದೊಂದೇ ಅಲುಗಾಡಿಸಿ ನೋಡಿ: ಸೈಲೆನ್ಸರ್, ಅದರ ಮೇಲಿನ ತಗಡು, ಚೈನ್ ಕವರ್, ನಂಬರ್ ಪ್ಲೇಟ್, ಲೆಗ್ ಗಾರ್ಡ್, ಸ್ಟ್ಯಾಂಡಿನ ಸ್ಪ್ರಿಂಗ್, ಎಂಜಿನನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳು. ಹಾಲಿನವರ ಗಾಡಿಯಲ್ಲಿ ಇನ್ನೊಂದು ಇದೆ, ಕ್ಯಾನು ನೇತುಹಾಕುವ ಕೊಕ್ಕೆ. ಎಂಜಿನ್ ನಡುಕಕ್ಕೆ ಕೊಕ್ಕೆ, ಕ್ಯಾನಿನ ಹಿಡಿಕೆ, ಮುಚ್ಚಳ ಮೂರೂ ಸೇರಿ ಬಾರಿಸಿದರೆ ಎಂಜಿನ್ನೇ ಒಡೆದಂತೆ ಕೇಳುತ್ತದೆ. ಹಳೆ ಟ್ಯೂಬಿನ ತುಂಡು ಸುತ್ತಿ ನೋಡಿ. ಸದ್ದು ಹೋದರೆ ಅಲ್ಲಿಗೆ ಮುಗಿಯಿತು.

(ಕ್ಯಾನಿನ ಮಾತು ಬಂದಿದ್ದಕ್ಕೆ ಒಂದು ಮಾತು: ಅರ್ಧ ತುಂಬಿದ ಕ್ಯಾನು ಗುಂಡಿ ದಾರಿಯಲ್ಲಿ ಕುಲುಕಿದರೆ ಹಾಲು ಕಡೆದಂತಾಗಿ ಬೆಣ್ಣೆ ಕಾಳು ಮೇಲೆ ಬರುತ್ತದೆ. ಆಮೇಲೆ ತೆಗೆದ ಸ್ಯಾಂಪಲ್‌ನಲ್ಲಿ ಫ್ಯಾಟ್ ಸರಿಯಾಗಿ ಸಿಗುವುದಿಲ್ಲ. ಎರಡು ಅರ್ಧ ಕ್ಯಾನಿಗಿಂತ ಒಂದು ತುಂಬಿದ ಕ್ಯಾನು ಮೇಲು.)

ನಂತರ ಎಂಜಿನ್ ಆಯಿಲ್. 100 ಸಿಸಿ ಗಾಡಿಯಲ್ಲಿ ಇರುವುದೇ ಒಂದು ಲೀಟರ್ ಅಥವಾ ಅದಕ್ಕಿಂತ ಕಡಿಮೆ. ಅದರಲ್ಲಿ 200 ಮಿಲಿ ಸುಟ್ಟುಹೋದರೆ ಐದರಲ್ಲಿ ಒಂದು ಭಾಗವೇ ಹೋಯಿತು. ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಒಂದೆರಡು ನಿಮಿಷ ಚಾಲೂ ಮಾಡಿ, ಬಂದ್ ಮಾಡಿ, ಮತ್ತೆರಡು ನಿಮಿಷ ಬಿಟ್ಟು ಕಡ್ಡಿ ತೆಗೆದು ಒರೆಸಿ ಅದ್ದಿ ನೋಡಿ. ಬಹಳಷ್ಟು ಗಾಡಿಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಯದೆ ಬರೀ ಇಳಿಸಿ ನೋಡಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಗೆಂದು ಚಿತ್ರ ಸಮೇತ ಇರುತ್ತದೆ. ಎಣ್ಣೆ ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಬೇರೆ ಯಾವ ಪರೀಕ್ಷೆಯೂ ಬೇಡ. ಮೊದಲು ಎಣ್ಣೆ ಹಾಕಿಸಿ.

ಇವೆಲ್ಲ ನೋಡುವಾಗ ಎರಡು ಎಚ್ಚರ. ಎಂಜಿನ್ ಚಾಲೂ ಇದ್ದಾಗ ಚೈನಿನ ಹತ್ತಿರ ಕೈ, ಬಟ್ಟೆ, ಸೆರಗು ಯಾವುದೂ ಹೋಗಬಾರದು. ಚೈನು ಮತ್ತು ಹಲ್ಲುಚಕ್ರದ ನಡುವೆ ಬೆರಳು ಸಿಕ್ಕರೆ ಕತ್ತರಿಸಿಯೇ ಹೋಗುತ್ತದೆ. ಎರಡನೆಯದು, ಕೊಟ್ಟಿಗೆಯೊಳಗೆ ಬಾಗಿಲು ಹಾಕಿ ಎಂಜಿನ್ ಚಾಲೂ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಅದು ನಿಮಗೂ ಕರುವಿಗೂ ಒಂದೇ ಸಮ ಅಪಾಯ.

ಸದ್ದು ಹುಡುಕುವ ಬಗೆ

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಚಾಲೂ ಮಾಡಿ, ನಿಧಾನ ಎಕ್ಸಲೇಟರ್ ಕೊಡಿ. ನಿಂತಲ್ಲೇ ಅದೇ ಸದ್ದು ಬಂದರೆ ತೊಂದರೆ ಎಂಜಿನಲ್ಲಿ ಅಥವಾ ಅದಕ್ಕೆ ಅಂಟಿದ ಯಾವುದೋ ಸಡಿಲ ಭಾಗದಲ್ಲಿದೆ. ನಿಂತಾಗ ಸದ್ದಿಲ್ಲ, ಎಳೆಯುವಾಗ ಮಾತ್ರ ಎಂದರೆ ಚೈನು, ಹಿಂದಿನ ಗಾಲಿ, ಕ್ಲಚ್, ಇಲ್ಲವೇ ಮುಂದೆ ಹೇಳಲಿರುವ ‘ನಾಕಿಂಗ್’.

ನ್ಯೂಟ್ರಲ್‌ನಲ್ಲೇ ಇದ್ದು ಕ್ಲಚ್ ಹಿಡಿದು ಬಿಡಿ, ಹಿಡಿದು ಬಿಡಿ. ಹಿಡಿದಾಗ ಸದ್ದು ಬದಲಾದರೆ, ನಿಂತರೆ, ಹೊಸದಾಗಿ ಬಂದರೆ ಕ್ಲಚ್ ಹೌಸಿಂಗ್ ಕಡೆ ನೋಡಬೇಕು. ಏನೂ ಬದಲಾಗದಿದ್ದರೆ ಕ್ಲಚ್ಚಿನ ಮೇಲಿನ ಅನುಮಾನ ಕಡಿಮೆ ಮಾಡಿ.

ಆಮೇಲೆ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲೇ ಗಾಡಿ ನೂಕಿಕೊಂಡು ಹತ್ತು ಹೆಜ್ಜೆ ನಡೆಯಿರಿ. ಆಗಲೂ ಕರಕರ ಬಂದರೆ ಎಂಜಿನ್ ಬಿಚ್ಚುವ ಮಾತೇ ಇಲ್ಲ. ಚೈನು, ಬ್ರೇಕು, ಗಾಲಿಯ ಬೇರಿಂಗ್ ನೋಡಿಸಿದರೆ ಸಾಕು.

ಸದ್ದಿನ ಜಾಗ ತಿಳಿಯಲು ನಾವು ದನದ ಎಡಪಕ್ಕೆಗೆ ಸ್ಟೆತೊಸ್ಕೋಪ್ ಇಟ್ಟು ಮೆಲುಕು ಹೊಟ್ಟೆ ಆಡುವುದನ್ನು ಕೇಳುತ್ತೇವಲ್ಲ, ಹಳೆಯ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರ್ ತುದಿ ಎಂಜಿನ್ ಮೇಲಿಟ್ಟು ಹಿಡಿಕೆಯನ್ನು ಕಿವಿಗೆ ಹಚ್ಚಿ ಕೇಳುತ್ತಾರೆ. ಒಣ ಕಟ್ಟಿಗೆಯ ಕೋಲಾದರೂ ನಡೆಯುತ್ತದೆ. ತಿರುಗುವ ಭಾಗಗಳಿಂದ ದೂರ ಇದ್ದು, ಎಂಜಿನಿನ ತಲೆ, ಸಿಲಿಂಡರಿನ ಪಕ್ಕ, ಕ್ಲಚ್ ಕವರ್ ಹೀಗೆ ಜಾಗ ಬದಲಿಸುತ್ತ ಹೋದರೆ ಎಲ್ಲಿ ಜೋರು ಎಂದು ಕಿವಿಗೆ ಗೊತ್ತಾಗುತ್ತದೆ. ತಲೆಯಲ್ಲಿ ಒಂದೇ ಲಯದ ಟಿಕ್ ಟಿಕ್ ಇದ್ದರೆ ಹೆಚ್ಚಾಗಿ ಟ್ಯಾಪೆಟ್. ಅಡ್ಜಸ್ಟ್ ಮಾಡಿಸುವ ಸಣ್ಣ ಕೆಲಸ. ಸಿಲಿಂಡರಿನ ಪಕ್ಕದಲ್ಲಿ ಸರಪಳಿ ಎಳೆದಂತೆ ಕರಕರ ಇದ್ದು, ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಜೋರಾಗಿದ್ದರೆ ಟೈಮಿಂಗ್ ಚೈನ್ ಅಥವಾ ಅದರ ಟೆನ್ಷನರ್. ಇದನ್ನು ತಿಂಗಳುಗಟ್ಟಲೆ ಮುಂದೂಡಬಾರದು.

ಕಿಣಿಕಿಣಿ ಎನ್ನುವ ಸದ್ದು

ಈಗ ನನ್ನ ಅನುಭವದಲ್ಲಿ ಹಾಲಿನ ಗಾಡಿಗಳಲ್ಲಿ ಅತಿ ಹೆಚ್ಚು ಕೇಳುವ, ಅತಿ ಹೆಚ್ಚು ತಪ್ಪು ತಿಳಿಯುವ ಸದ್ದು. ಭಾರ ಇದ್ದಾಗ, ಏರಿನಲ್ಲಿ ಅಥವಾ ನಿಂತಲ್ಲಿಂದ ಏಳುವಾಗ, ಸ್ಟೀಲ್ ಲೋಟದಲ್ಲಿ ಸಣ್ಣ ಮೊಳೆ ಹಾಕಿ ಅಲ್ಲಾಡಿಸಿದಂತೆ ಕಿಣಿಕಿಣಿ. ವೇಗ ಹಿಡಿದ ಮೇಲೆ ಮಾಯ. ಇದಕ್ಕೆ ನಾಕಿಂಗ್ ಅಥವಾ ಪಿಂಗ್ ಎನ್ನುತ್ತಾರೆ. ತಮಾಷೆ ಎಂದರೆ ನಮ್ಮ ವೈದ್ಯದಲ್ಲೂ ‘ಪಿಂಗ್’ ಇದೆ: ಕರು ಹಾಕಿದ ಆಕಳಿನ ನಾಲ್ಕನೆಯ ಹೊಟ್ಟೆ ಗಾಳಿ ತುಂಬಿ ಎಡಕ್ಕೆ ಸರಿದರೆ, ಪಕ್ಕೆಲುಬಿನ ಮೇಲೆ ಬೆರಳಿನಿಂದ ಹೊಡೆದು ಕೇಳಿದಾಗ ಲೋಹ ಬಡಿದಂತೆ ಕೇಳುವ ಸದ್ದು. ಎರಡು ಕಡೆಯೂ ಒಳಗಿನ ಒತ್ತಡವೇ ಮಾತಾಡುವುದು.

ಗಾಡಿಯೊಳಗೆ ಆಗುವುದು ಇಷ್ಟು. ಸಿಲಿಂಡರಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣಕ್ಕೆ ಪ್ಲಗ್ಗಿನ ಕಿಡಿ ತಾಗುತ್ತದೆ. ಬದುವಿನ ಒಣಹುಲ್ಲಿಗೆ ಒಂದು ತುದಿಯಲ್ಲಿ ಬೆಂಕಿ ಹಚ್ಚಿದರೆ ಅದು ಹಬ್ಬುತ್ತ ಹೋಗುವಂತೆ, ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಬೇಕು. ಆದರೆ ಒಳಗೆ ಕಾವು, ಒತ್ತಡ ಮಿತಿ ಮೀರಿದ್ದರೆ ಉರಿ ತಲುಪುವ ಮೊದಲೇ ದೂರದ ಮೂಲೆಯ ಮಿಶ್ರಣ ತಾನಾಗಿ ಭುಗ್ಗೆನ್ನುತ್ತದೆ. ಆ ಹೊಡೆತಕ್ಕೆ ಲೋಹ ಗಂಟೆಯಂತೆ ಕಿಣಿ ಎನ್ನುತ್ತದೆ. ಎಂಜಿನ್ ನಿಧಾನ ತಿರುಗುತ್ತಿದ್ದು, ನಾವು ಪೂರ್ತಿ ಎಕ್ಸಲೇಟರ್ ತಿರುವಿದ್ದರೆ ಆ ಮೂಲೆಯ ಮಿಶ್ರಣ ಕಾಯುತ್ತ ಕೂರಲು ಹೆಚ್ಚು ಸಮಯ ಸಿಗುತ್ತದೆ. ಅದಕ್ಕೇ ಏಳುವಾಗ ಬರುತ್ತದೆ, ಓಡುವಾಗ ಹೋಗುತ್ತದೆ.

ಇದರ ಮೊದಲ ಕಾರಣ ಗೇರ್. ಸಂಘದ ಮುಂದೆ ಮೂರನೇ ಗೇರಿನಲ್ಲೇ ಬಂದು ಕ್ಲಚ್ ಹಿಡಿದು ನಿಲ್ಲಿಸಿ, ಹೊರಡುವಾಗ ಎರಡರಲ್ಲೋ ಮೂರರಲ್ಲೋ ಎತ್ತುವ ಅಭ್ಯಾಸ ಬಹಳ ಜನರಿಗಿದೆ. ಪರೀಕ್ಷೆ ಸುಲಭ: ಅದೇ ಭಾರ, ಅದೇ ಜಾಗ, ಒಂದನೇ ಗೇರಿನಲ್ಲಿ ಎತ್ತಿ ನೋಡಿ. ಕಿಣಿಕಿಣಿ ನಿಂತರೆ ನಿಮ್ಮ ಬೋರ್ ಚೆನ್ನಾಗಿದೆ. ಯಾರಿಗೂ ದುಡ್ಡು ಕೊಡಬೇಕಿಲ್ಲ.

ಒಂದನೇ ಗೇರಿನಲ್ಲೂ ಬಂದರೆ ಪೆಟ್ರೋಲ್ ಮೇಲೆ ಅನುಮಾನ ಪಡಿ. ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣಕ್ಕೆ ಆಕ್ಟೇನ್ ಎಂಬ ಅಳತೆ ಇದೆ. ನಮ್ಮಲ್ಲಿ ಮಾಮೂಲು ಪೆಟ್ರೋಲಿಗೆ ಕನಿಷ್ಠ 91, 20% ಎಥನಾಲ್ ಬೆರೆತದ್ದಕ್ಕೆ 95 ಇರಬೇಕೆಂಬ ನಿಯಮ. ಅಂದರೆ ಎಥನಾಲಿನಿಂದ ಕಿಣಿಕಿಣಿ ಬರುತ್ತದೆ ಎಂಬ ಮಾತು ನೇರವಾಗಿ ಸರಿಯಲ್ಲ. ಆದರೆ ಎಥನಾಲ್ ನೀರು ಹೀರುತ್ತದೆ, ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳ ಸರಿ ಇರಬೇಕು. ನಿಜವಾದ ಅಪಾಯ ಬಾಟಲಿ ಪೆಟ್ರೋಲಿನದು. ಸೀಮೆಎಣ್ಣೆ ಬೆರೆತರೆ ಆಕ್ಟೇನ್ ಇಳಿಯುತ್ತದೆ, ಸದ್ದು ಶುರುವಾಗುತ್ತದೆ. “ಮೂರು ದಿನದಿಂದ ಸದ್ದು” ಎಂದರೆ, ಮೂರು ದಿನದ ಹಿಂದೆ ಪೆಟ್ರೋಲ್ ಎಲ್ಲಿ ಹಾಕಿಸಿದಿರಿ ಎಂದು ನೆನಪು ಮಾಡಿಕೊಳ್ಳಿ. ಬಂಕಿನಲ್ಲಿ ಹೊಸದಾಗಿ ತುಂಬಿಸಿ ಒಂದು ಟ್ಯಾಂಕ್ ಓಡಿಸಿ ನೋಡುವುದೇ ಇದಕ್ಕೆ ಪರೀಕ್ಷೆ.

ಮೂರನೆಯದು ಧೂಳು. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದರೆ ಪೆಟ್ರೋಲ್ ಸರಿಯಾಗಿ ಉರಿಯದೆ ಒಳಗೆ ಮಸಿ ಕೂರುತ್ತದೆ. ಆ ಮಸಿ ಕೆಂಡದಂತೆ ಕಾದು ಮಿಶ್ರಣವನ್ನು ಹೊತ್ತಿಸುತ್ತದೆ. ಸಿಮೆಂಟ್ ಲಾರಿಗಳ ಹಿಂದೆ ದಿನವೂ ಓಡಾಡುವ ಗಾಡಿಗೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗಿಂತ ಬೇಗ ಫಿಲ್ಟರ್ ನೋಡಿಸಬೇಕು. ಇದಲ್ಲದೆ ಪ್ಲಗ್ ಬೇರೆ ಗಾಡಿಯದು ಹಾಕಿದ್ದರೂ, ಕಾರ್ಬೊರೇಟರ್ ಇರುವ ಹಳೆಯ ಗಾಡಿಯಲ್ಲಿ ಮೈಲೇಜ್ ಬರಲೆಂದು ಪೆಟ್ರೋಲ್ ತೀರಾ ಕಡಿಮೆ ಮಾಡಿಸಿದ್ದರೂ ಇದೇ ಸದ್ದು. ಮೈಲೇಜಿಗಾಗಿ ಮಾಡಿದ ಉಳಿತಾಯ ಪಿಸ್ಟನ್ನಿನಲ್ಲಿ ಹೋಗುತ್ತದೆ. ನಾಕಿಂಗ್ ಹಾಗೇ ಮುಂದುವರಿದರೆ ರಿಂಗ್ ಮುರಿಯಬಹುದು, ಪಿಸ್ಟನ್ ತಲೆಯೇ ತೂತಾಗಬಹುದು.

ಈ ಸದ್ದಿಗೂ ನಮ್ಮ ದನಗಳಿಗೂ ಒಂದು ಹಳೆಯ ನಂಟಿದೆ. 1921ರಲ್ಲಿ ಅಮೆರಿಕದಲ್ಲಿ ಥಾಮಸ್ ಮಿಜ್ಲಿ ಎಂಬ ಎಂಜಿನಿಯರ್ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಎಂದು ಕಂಡುಕೊಂಡರು. ಆ ಸೀಸ ಹೊಗೆಯಲ್ಲಿ, ಹಳೆ ಆಯಿಲಿನಲ್ಲಿ ಸೇರಿ ಜಗತ್ತಿನ ಮಣ್ಣಿಗೆಲ್ಲ ಬಿತ್ತು. ಭಾರತದಲ್ಲಿ 2000ರ ಫೆಬ್ರವರಿಯಿಂದ ಸೀಸವಿಲ್ಲದ ಪೆಟ್ರೋಲ್ ಮಾತ್ರ. ಆದರೆ ಗಾಡಿಯ ಬ್ಯಾಟರಿಯಲ್ಲಿ ಸೀಸ ಇನ್ನೂ ಇದೆ. ಒಡೆದ ಬ್ಯಾಟರಿ ಗೋಡೆ ಬದಿಗೆ ಬಿದ್ದಿದ್ದರೆ ದನ ನೆಕ್ಕುತ್ತದೆ. ಕಣ್ಣು ಕಾಣದಾಗುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಕರುವಾದರೆ ಬೇಗ ಸಾವು. ಉಳಿದ ದನದ ಹಾಲಿನಲ್ಲೂ ಸೀಸ ಬರುತ್ತದೆ. ಹಳೆ ಆಯಿಲನ್ನು ಉಣ್ಣೆಗೆ, ಗಾಯಕ್ಕೆ ಹಚ್ಚುವುದನ್ನು ನಾನು ಈಗಲೂ ನೋಡುತ್ತಿದ್ದೇನೆ. ದಯವಿಟ್ಟು ಬೇಡ. ಆಯಿಲ್ ಬದಲಿಸಿದಾಗ ಹಳೆಯದನ್ನು ಗ್ಯಾರೇಜಿನಲ್ಲೇ ಬಿಡಿ, ಉಣ್ಣೆಗೆ ನಮ್ಮ ಆಸ್ಪತ್ರೆಗೆ ಬನ್ನಿ.

ಚೈನು ಮತ್ತು ಹಿಂದಿನ ಗಾಲಿ

ಕ್ಲಚ್ ಬಿಟ್ಟ ಕೂಡಲೇ ಹಿಂದೆ ‘ಚಟ್’ ಎಂದು ಹೊಡೆದು, ಆಮೇಲೆ ಕವರಿಗೆ ಸರಸರ ಬಡಿದರೆ ಚೈನು ಸಡಿಲ. ಎಂಜಿನ್ ಬಂದ್ ಮಾಡಿ, ಚೈನ್ ಕವರಿನ ರಬ್ಬರ್ ಮುಚ್ಚಳ ತೆಗೆದು ಒಂದು ಕಡ್ಡಿಯಿಂದ ಕೆಳಗಿನ ಚೈನನ್ನು ಮೇಲೆ ಕೆಳಗೆ ಮಾಡಿ ನೋಡಿ. ಎರಡು-ಮೂರು ಸೆಂಟಿಮೀಟರ್ ಆಡಬೇಕು, ಸುಮಾರು ಎರಡು ಬೆರಳಿನ ಅಗಲ. ಗಾಲಿ ತಿರುಗಿಸುತ್ತ ನಾಲ್ಕು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎಂದರೆ ಚೈನ್ ಸೆಟ್ಟೇ ಮುಗಿದಿದೆ. ತೀರಾ ಬಿಗಿ ಮಾಡಿಸಲೂಬಾರದು. ಕ್ಯಾನು ಹೇರಿದಾಗ ಅದು ಇನ್ನೂ ಎಳೆದು ಬೇರಿಂಗ್ ಕೆಡಿಸುತ್ತದೆ.

ಚೈನು ಸರಿ ಇದ್ದೂ ಏಳುವಾಗ ಧಡ್ ಎಂದು ಒಂದೇ ಏಟು ಬಿದ್ದರೆ, ಹಿಂದಿನ ಗಾಲಿಯ ಡ್ರಮ್ಮಿನೊಳಗೆ ಎಳೆತವನ್ನು ತಡೆದುಕೊಳ್ಳುವ ರಬ್ಬರ್ ತುಂಡುಗಳು ಸವೆದಿವೆ. ಅಗ್ಗದ ಸಾಮಾನು. ಪಂಕ್ಚರ್ ಹಾಕಿಸಲು ಗಾಲಿ ಬಿಚ್ಚಿದಾಗಲೇ ನೋಡಿಸಿಕೊಳ್ಳಿ.

ಮೊಪೆಡ್, ಸ್ಕೂಟರ್ ಇದ್ದವರಿಗೆ

ಟಿವಿಎಸ್ ಎಕ್ಸ್‌ಎಲ್ 100ರಲ್ಲಿ ಗೇರ್ ಇಲ್ಲ, ಕ್ಲಚ್ ತಾನಾಗಿ ಹಿಡಿಯುತ್ತದೆ. ಅಲ್ಲಿ ಏಳುವಾಗ ನಡುಕದ ಸದ್ದು ಬಂದರೆ ಕ್ಲಚ್ ಶೂ ನೋಡಿಸಿ. ಗೇರ್ ಇಳಿಸುವ ಉಪಾಯ ಇಲ್ಲದ್ದರಿಂದ ಭಾರ ಇಳಿಸುವುದೊಂದೇ ದಾರಿ. ಹಳೆಯ ಟೂ ಸ್ಟ್ರೋಕ್ ಎಕ್ಸ್‌ಎಲ್ ಇನ್ನೂ ಓಡಿಸುವವರು ಪೆಟ್ರೋಲಿಗೆ 2ಟಿ ಎಣ್ಣೆಯನ್ನು ಹೇಳಿದ ಅಳತೆಗೆ ಹಾಕಿ. ಅದರಲ್ಲಿ ಬೇರೆ ಎಂಜಿನ್ ಆಯಿಲ್ ಪಿಸ್ಟನ್ನಿಗೆ ತಲುಪುವುದಿಲ್ಲ. ಸ್ಕೂಟರಿನಲ್ಲಿ ಎಡಬದಿಯ ಕವರಿನೊಳಗೆ ಬೆಲ್ಟು, ರೋಲರ್‌ಗಳಿವೆ. ರೋಲರ್ ಸವೆದರೆ ಏಳುವಾಗ ಗರಗರ ಎನ್ನುತ್ತದೆ, ಪಿಕಪ್ ಸಹ ಬೀಳುತ್ತದೆ.

ಯಾವ ಸದ್ದಿಗೆ ಕೂಡಲೇ ನಿಲ್ಲಿಸಬೇಕು

ಎಂಜಿನಿನ ಕೆಳಭಾಗದಿಂದ, ಒನಕೆ ಕುಟ್ಟಿದಂತೆ ಢಕ್ ಢಕ್ ಎಂದು ಭಾರವಾದ ಸದ್ದು, ಎಕ್ಸಲೇಟರ್ ಕೊಟ್ಟಷ್ಟೂ ಜೋರಾದರೆ, ಅದು ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಅಂಥ ಗಾಡಿಯಲ್ಲಿ “ಸಂಘದ ತನಕ ಮಾತ್ರ” ಎಂದು ಹೋಗಬೇಡಿ. ಓಡುವಾಗ ಎಂಜಿನ್ ಬಿಗಿದರೆ ಹಿಂದಿನ ಗಾಲಿ ನಿಂತು, ಕ್ಯಾನಿನ ಭಾರಕ್ಕೆ ಗಾಡಿ ಮಗುಚುತ್ತದೆ. ಹಾಲನ್ನು ಪಕ್ಕದ ಮನೆಯವರ ಗಾಡಿಯಲ್ಲಿ ಕಳಿಸಿ. ಓಡುವಾಗ ಚೈನು ಜಿಗಿದು ಸಿಕ್ಕಿಕೊಳ್ಳುವಷ್ಟು ಸಡಿಲ ಇದ್ದರೂ ಇದೇ ಮಾತು.

ಗ್ಯಾರೇಜಿಗೆ ಹೋದಾಗ “ಆವಾಜ್ ಬರ್ತದ, ನೋಡ್ರಿ” ಎಂದಷ್ಟೇ ಹೇಳಿದರೆ ಅವರಿಗೆ ತೋಚಿದ್ದನ್ನು ಬಿಚ್ಚುತ್ತಾರೆ. ಹೀಗೆ ಹೇಳಿ: “ಎರಡು ಕ್ಯಾನು ಕಟ್ಟಿದಾಗ ಮಾತ್ರ ಬರ್ತದ. ಒಂದನೇ ಗೇರಿನ್ಯಾಗೂ ಬರ್ತದ. ನ್ಯೂಟ್ರಲ್‌ನ್ಯಾಗ ಇಲ್ಲ. ಕ್ಲಚ್ ಹಿಡಿದ್ರ ಬದಲಾಗಂಗಿಲ್ಲ. ಆಯಿಲ್ ನೋಡೀನಿ, ಚೈನು ನೋಡೀನಿ.” ಹೊಸ ಸಾಮಾನು ಹಾಕಿದರೆ ಹಳೆಯದನ್ನು ಕೇಳಿ ಪಡೆದುಕೊಳ್ಳಿ, ಚೀಟಿಯಲ್ಲಿ ಆ ದಿನದ ಕಿಲೋಮೀಟರ್ ಬರೆಸಿ, ಬಟವಾಡೆ ಪುಸ್ತಕದ ಜೊತೆ ಇಟ್ಟುಕೊಳ್ಳಿ.